ಕುಳಿತಲ್ಲೇ ಏದುಸಿರು ಬಂದರೆ?

ಮಕ್ಕಳೇ, ಖೋ ಖೋ ಆಡಿ ಬಂದಾಗ ನಿಮಗೆ ಏದುಸಿರು ಬರುತ್ತದೆ ಅಲ್ಲವೇ? ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಆದರೆ ನಿಮ್ಮ ಗೆಳೆಯನಿಗೆ ಓಡದೆ, ಆಡದೆ, ಕುಳಿತಲ್ಲೇ ಏದುಸಿರು ಬಂದರೆ? ಅವನ ಎದೆಯಿಂದ ‘ಸುಂಯ್ ಸುಂಯ್’ ಎಂಬ ಸದ್ದು ಕೇಳಿದರೆ? ಈ ಎರಡು ಏದುಸಿರುಗಳೂ ಒಂದೇ ಅಲ್ಲ.

ಮಾಡಿ ನೋಡಿ

ಸುಮ್ಮನೆ ಕುಳಿತು, ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೀರಿ ಎಂದು ಎಣಿಸಿ. ಸುಮಾರು 20 ಸಲ ಇರಬಹುದು. ಈಗ ಒಂದು ನಿಮಿಷ ನಿಂತಲ್ಲೇ ಓಡಿ, ಮತ್ತೆ ಎಣಿಸಿ. ಉಸಿರಾಟದ ತೊಂದರೆ ಇರುವವರು ಓಡುವುದು ಬೇಡ, ಗಡಿಯಾರ ನೋಡಲಿ.

ಓಡುವಾಗ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಅಲ್ಲಿ ಉಂಟಾದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಬೇಕು. ಆದ್ದರಿಂದ ಮೆದುಳು ಉಸಿರಾಟವನ್ನು ಹೆಚ್ಚಿಸುತ್ತದೆ. ಇದು ರೋಗವಲ್ಲ.

ದಮ್ಮು ಎಂದರೇನು?

ಅಸ್ತಮಾಕ್ಕೆ ನಮ್ಮ ಕಡೆ ದಮ್ಮು ಎನ್ನುತ್ತಾರೆ. ಇದರಲ್ಲಿ ಶ್ವಾಸನಾಳಗಳ ಒಳಗೋಡೆ ಊದಿಕೊಳ್ಳುತ್ತದೆ. ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಒಳಗೆ ಕಫ ತುಂಬುತ್ತದೆ. ದಾರಿ ಕಿರಿದಾಗಿ ಗಾಳಿ ಹೊರಬರಲು ಕಷ್ಟಪಡುತ್ತದೆ. ಆಗಲೇ ಆ ‘ಸುಂಯ್’ ಸದ್ದು! ದಮ್ಮು ಅಂಟುರೋಗವಲ್ಲ. ಒಲೆಯ ಹೊಗೆ, ಬೀಡಿ ಹೊಗೆ, ನೆಗಡಿ, ಧೂಳು ಇವು ಅದನ್ನು ಕೆರಳಿಸುತ್ತವೆ.

ಸೋಯಾ ಧೂಳಿನ ಕಥೆ

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ 1981ರಿಂದ 1987ರವರೆಗೆ ಒಂದು ವಿಚಿತ್ರ ನಡೆಯಿತು. ಕೆಲವು ದಿನಗಳಲ್ಲಿ ಮಾತ್ರ ಇದ್ದಕ್ಕಿದ್ದಂತೆ ಬಹಳ ಜನ ದಮ್ಮು ಹತ್ತಿ ಆಸ್ಪತ್ರೆಗೆ ಬರುತ್ತಿದ್ದರು. ಕೆಲವರು ಸತ್ತೂ ಹೋದರು. ಕಾರಣವೇನು? ವಿಜ್ಞಾನಿಗಳು ಆ ದಿನಗಳನ್ನು ಬಂದರಿನ ದಾಖಲೆಗಳ ಜೊತೆ ಹೋಲಿಸಿ ನೋಡಿದರು. ಅವೆಲ್ಲ ಹಡಗಿನಿಂದ ಸೋಯಾ ಇಳಿಸಿದ ದಿನಗಳು! ಸೋಯಾ ಸಿಪ್ಪೆಯ ಧೂಳು ಊರಿಗೆಲ್ಲ ಹರಡುತ್ತಿತ್ತು. ಉಗ್ರಾಣಕ್ಕೆ ಧೂಳು ತಡೆಯುವ ಶೋಧಕ ಹಾಕಿದ ಮೇಲೆ ತೊಂದರೆ ನಿಂತಿತು.

ಭಾಲ್ಕಿ ತಾಲ್ಲೂಕಿನ ಸಾಯಗಾಂವದಂಥ ಊರುಗಳ ಸುತ್ತ ಸೋಯಾ ಮುಖ್ಯ ಬೆಳೆ. ರಾಶಿ ಮಾಡುವಾಗ ಯಂತ್ರದಿಂದ ಧೂಳು ಏಳುತ್ತದೆ. ದಮ್ಮು ಇರುವವರು ಅಲ್ಲಿಂದ ದೂರವಿರಬೇಕು. ಕೆಲಸ ಮಾಡುವವರು ಗಾಳಿ ಬೀಸುವ ದಿಕ್ಕು ನೋಡಿ, ಧೂಳು ಬಾರದ ಕಡೆ ನಿಂತು, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಳ್ಳಬೇಕು.

ಗೆಳೆಯನಿಗೆ ದಮ್ಮು ಹತ್ತಿದರೆ

• ಮಲಗಿಸಬೇಡಿ. ನೆಟ್ಟಗೆ ಕೂಡಿಸಿ.
• ಸುತ್ತ ಗುಂಪು ಕಟ್ಟಬೇಡಿ. ಧೈರ್ಯ ಹೇಳಿ.
• ಡಾಕ್ಟರು ಅವನಿಗೆ ಕೊಟ್ಟಿರುವ ಇನ್‌ಹೇಲರ್ ಇದ್ದರೆ ತಂದುಕೊಡಿ.
• ತಕ್ಷಣ ಗುರುಗಳಿಗೆ ತಿಳಿಸಿ.
• ಮಾತನಾಡಲು ಆಗದಿದ್ದರೆ, ತುಟಿ ನೀಲಿಯಾದರೆ ಅಥವಾ ಇನ್‌ಹೇಲರ್‌ನಿಂದಲೂ ಉಸಿರು ಇಳಿಯದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿಸಿ.

ಇನ್‌ಹೇಲರ್ ಚಟವಾಗುತ್ತದೆ ಎಂದು ಕೆಲವರು ಹೆದರುತ್ತಾರೆ. ಅದು ನಿಜವಲ್ಲ. ಅದರ ಔಷಧ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಸ್ವಲ್ಪವೇ ಸಾಕು. ಡಾಕ್ಟರು ಹೇಳಿದಂತೆ ಔಷಧ ತೆಗೆದುಕೊಂಡರೆ ದಮ್ಮು ಇರುವವರೂ ಎಲ್ಲರಂತೆ ಆಡಬಹುದು. ಹಾಗಾದರೆ, ಇನ್‌ಹೇಲರ್ ಹಿಡಿದ ಗೆಳೆಯನನ್ನು ಕಂಡು ನಗುತ್ತೀರಾ, ಆಟಕ್ಕೆ ಕರೆಯುತ್ತೀರಾ?