ವಸಡಿನ ರೋಗ: ನೋವಿಲ್ಲವೆಂದು ನಂಬಬಾರದು

ಹಲ್ಲು ಆಳವಾಗಿ ಹುಳುಕಾದರೆ ನೋವೇ ರೋಗಿಯನ್ನು ದಂತವೈದ್ಯರ ಬಳಿಗೆ ಕರೆತರುತ್ತದೆ. ವಸಡಿನ ರೋಗ ಹಾಗಲ್ಲ. ಸಾಮಾನ್ಯವಾಗಿ ಅದು ನೋವಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ಹಲ್ಲು ಅಲುಗಾಡಿ ರೋಗಿ ಬರುವ ವೇಳೆಗೆ ಹಲ್ಲಿಗೆ ಆಧಾರವಾದ ಮೂಳೆ ಸಾಕಷ್ಟು ನಾಶವಾಗಿರುತ್ತದೆ. ಆದ್ದರಿಂದ ರೋಗಿ ಹೇಳುವವರೆಗೆ ಕಾಯದೆ ವೈದ್ಯರೇ ಇದನ್ನು ಹುಡುಕಬೇಕು.

ಕಾರಣಗಳು

ಹಲ್ಲಿನ ಮೇಲೆ ಅಂಟಿಕೊಳ್ಳುವ ಬ್ಯಾಕ್ಟೀರಿಯಾಗಳ ಪದರವೇ ಪ್ಲೇಕ್. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 12 ಮಂದಿಯ ಹಲ್ಲುಜ್ಜುವಿಕೆಯನ್ನು ನಿಲ್ಲಿಸಿದರು. 10ರಿಂದ 21 ದಿನಗಳಲ್ಲಿ ಎಲ್ಲರಿಗೂ ವಸಡಿನ ಉರಿಯೂತ (ಜಿಂಜಿವೈಟಿಸ್) ಬಂತು. ಮತ್ತೆ ಉಜ್ಜತೊಡಗಿದ ಮೇಲೆ ಅದು ವಾಸಿಯಾಯಿತು.

ಕೆಲವರಲ್ಲಿ ಉರಿಯೂತ ಆಳಕ್ಕಿಳಿದು ಹಲ್ಲನ್ನು ಹಿಡಿದಿರುವ ತಂತುಗಳನ್ನೂ ಮೂಳೆಯನ್ನೂ ಹಾಳುಮಾಡುತ್ತದೆ. ಇದು ಪೆರಿಯೊಡಾಂಟೈಟಿಸ್. ಹೀಗೆ ನಷ್ಟವಾದ ಮೂಳೆ ತಾನಾಗಿ ಮೊದಲಿನಂತಾಗದು. ಧೂಮಪಾನ ಮತ್ತು ಹತೋಟಿ ತಪ್ಪಿದ ಮಧುಮೇಹ ಇದರ ಅಪಾಯವನ್ನು ಹೆಚ್ಚಿಸುತ್ತವೆ. ಇತ್ತ ವಸಡಿನ ರೋಗವೂ ರಕ್ತದ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ.

ಲಕ್ಷಣಗಳು

ಉಜ್ಜುವಾಗ ರಕ್ತ, ಊತ, ಬಾಯಿಯ ದುರ್ವಾಸನೆ, ವಸಡು ಕೆಳಸರಿದು ಹಲ್ಲು ಉದ್ದವಾಗಿ ಕಾಣುವುದು, ಕೀವು, ಹಲ್ಲಿನ ಅಲುಗಾಟ ಇವು ಮುಖ್ಯ ಲಕ್ಷಣಗಳು. ಆದರೆ ಇಲ್ಲಿ ಎರಡು ಮೋಸಗಳಿವೆ. ನಮ್ಮಲ್ಲಿ ಅನೇಕರ ವಸಡು ಸಹಜವಾಗಿಯೇ ಕಪ್ಪು. ಕೆಂಪು ಬಣ್ಣವನ್ನಷ್ಟೇ ಹುಡುಕಿದರೆ ಉರಿಯೂತ ಕಣ್ತಪ್ಪಬಹುದು. ಧೂಮಪಾನಿಗಳಲ್ಲಿ ರೋಗವಿದ್ದರೂ ರಕ್ತಸ್ರಾವ ಕಡಿಮೆ.

ಹಾಗಾಗಿ ಪ್ರೋಬ್‌ನಿಂದ ಅಳೆಯಲೇಬೇಕು. ಆರೋಗ್ಯವಂತ ವಸಡಿನ ಸಂದಿಯ ಆಳ ಸಾಮಾನ್ಯವಾಗಿ 1ರಿಂದ 3 ಮಿ.ಮೀ. ಆದರೆ ಆಳವೊಂದೇ ಸಾಲದು. ಎನಾಮಲ್ ಮತ್ತು ಸಿಮೆಂಟಮ್ ಸೇರುವ ಗೆರೆಯಿಂದ ವಸಡಿನ ಅಂಚು ಎಲ್ಲಿದೆ ಎಂಬುದನ್ನೂ ನೋಡಬೇಕು. ಒಂದು ಹಲ್ಲಿನಲ್ಲಿ ಆಳ 5 ಮಿ.ಮೀ. ಇದ್ದು, ಊದಿದ ಅಂಚು ಗೆರೆಗಿಂತ 3 ಮಿ.ಮೀ. ಕಿರೀಟದತ್ತ ಇದ್ದರೆ ಆಧಾರದ ನಷ್ಟ 2 ಮಿ.ಮೀ. ಮಾತ್ರ. ಇನ್ನೊಂದರಲ್ಲಿ ಆಳ 4 ಮಿ.ಮೀ.; ಅಂಚು 3 ಮಿ.ಮೀ. ಬೇರಿನತ್ತ ಸರಿದಿದ್ದರೆ ನಷ್ಟ 7 ಮಿ.ಮೀ. ಆಳ ಕಡಿಮೆಯಿದ್ದರೂ ಎರಡನೆಯ ಹಲ್ಲೇ ಹೆಚ್ಚು ಕೆಟ್ಟಿದೆ. ಮೂಳೆಯ ಸ್ಥಿತಿಯನ್ನು ಎಕ್ಸ್-ರೇ ತೋರಿಸುತ್ತದೆ.

ಚಿಕಿತ್ಸೆ

ಮೊದಲ ಹೆಜ್ಜೆ ರೋಗಿಯ ಕೈಯಲ್ಲಿದೆ: ಸರಿಯಾಗಿ ಹಲ್ಲುಜ್ಜುವುದು, ಹಲ್ಲುಗಳ ಸಂದಿಯನ್ನು ಶುಚಿಮಾಡುವುದು, ತಂಬಾಕು ಬಿಡುವುದು, ಮಧುಮೇಹವನ್ನು ಹತೋಟಿಯಲ್ಲಿಡುವುದು. ಬಳಿಕ ಸ್ಕೇಲಿಂಗ್ ಮತ್ತು ಬೇರಿನ ಮೇಲ್ಮೈಯ ಶುಚಿ. ಪ್ಲೇಕ್ ಗಟ್ಟಿಯಾಗಿ ಉಂಟಾದ ಕ್ಯಾಲ್ಕುಲಸ್ ಬ್ರಷ್ಷಿಗೆ ಬಿಡುವುದಿಲ್ಲ. ಸುಮಾರು ಮೂರು ತಿಂಗಳ ನಂತರ ಮತ್ತೆ ಅಳೆದು, ಆಳವಾದ ಪಾಕೆಟ್‌ಗಳು ಉಳಿದಿದ್ದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕು. ಎಲ್ಲ ರೋಗಿಗಳಿಗೂ ಪ್ರತಿಜೀವಕ ಬೇಕಿಲ್ಲ. ರೋಗ ಮರುಕಳಿಸಬಹುದಾದ್ದರಿಂದ ನಿಯತ ತಪಾಸಣೆ ತಪ್ಪಿಸಬಾರದು.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ನಂಬಿಕೆ ಜನರಲ್ಲಿದೆ. ಕ್ಯಾಲ್ಕುಲಸ್ ಹೋಗಿ ಊತ ಇಳಿದಾಗ ಹಲ್ಲುಗಳ ನಡುವೆ ಸಂದು ಕಾಣುತ್ತದೆ, ತಣ್ಣೀರು ಜುಮ್ಮೆನ್ನಿಸುತ್ತದೆ. ವಾಸ್ತವವಾಗಿ ಅದು ರೋಗ ಮೊದಲೇ ಮಾಡಿದ್ದ ನಷ್ಟ. ಈ ಮಾತನ್ನು ಚಿಕಿತ್ಸೆಗೆ ಮುಂಚೆಯೇ ತಿಳಿಸಿ. ನಂತರ ಹೇಳಿದರೆ ಅದು ಸಬೂಬಿನಂತೆ ಕೇಳಿಸುತ್ತದೆ, ರೋಗಿ ಮತ್ತೆ ಬಾರದೆ ಹೋಗಬಹುದು.