ಕಂಪೆನಿಯ ರಾಜ್ಯಭಾರ: ಬರ್ಕನ ಆಪಾದನೆಯೂ ಕಿತ್ತೂರಿನ ಸಾಕ್ಷ್ಯವೂ

೧೭೮೩ನೆಯ ಇಸವಿ ಡಿಸೆಂಬರ್ ೧ನೆಯ ದಿನ ಇಂಗ್ಲೆಂಡಿನ ಸಾಮಾನ್ಯರ ಸಭೆಯಲ್ಲಿ ಎಡ್ಮಂಡ್ ಬರ್ಕನು ಮಾಡಿದ ಭಾಷಣವನ್ನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಅದರ ವಾಗ್ವೈಭವಕ್ಕಾಗಿ ಓದುವರು. ನಾವು ಅದನ್ನು ಬೇರೊಂದು ಕಾರಣಕ್ಕಾಗಿ ಎತ್ತಿಕೊಂಡಿದ್ದೇವೆ. ಆ ಭಾಷಣದಲ್ಲಿ ಕಿತ್ತೂರಿನ ಹೆಸರಿಲ್ಲ. ಆದರೂ ನಾಲ್ವತ್ತೊಂದು ವರ್ಷಗಳ ತರುವಾಯ ಮಲಪ್ರಭೆಯ ಸೀಮೆಯಲ್ಲಿ ನಡೆದುದನ್ನು ಬಲ್ಲವರಿಗೆ ಅದು ಕಿತ್ತೂರನ್ನು ಕುರಿತೇ ಬರೆದ ದೋಷಾರೋಪಣ ಪತ್ರದಂತೆ ತೋರುವುದು.

ಸಂದರ್ಭವಿಷ್ಟು. ಈಸ್ಟ್ ಇಂಡಿಯಾ ಕಂಪೆನಿಯ ಕೈಯಿಂದ ಹಿಂದೂಸ್ಥಾನದ ಆಡಳಿತವನ್ನು ತೆಗೆದು ಪಾರ್ಲಿಮೆಂಟು ನೇಮಿಸುವ ಏಳು ಜನ ಕಮಿಷನರುಗಳಿಗೆ ಒಪ್ಪಿಸಬೇಕೆಂದು ಫಾಕ್ಸನು ಒಂದು ಮಸೂದೆಯನ್ನು ತಂದಿದ್ದನು. ಕಂಪೆನಿಗೆ ಕೊಟ್ಟ ಸನ್ನದನ್ನು ಮುರಿಯುವುದು ಅನ್ಯಾಯವೆಂಬುದು ವಿರೋಧಿಗಳ ವಾದ. ಬರ್ಕನ ಉತ್ತರ ಹೀಗಿತ್ತು: ಮನುಷ್ಯರ ಮೇಲಿನ ಅಧಿಕಾರವು ಅಂಗಡಿಯ ಸರಕಿನಂತೆ ಸ್ವಂತ ಸ್ವತ್ತಲ್ಲ, ಅದು ನ್ಯಾಸ; ನ್ಯಾಸಕ್ಕೆ ದ್ರೋಹವಾದರೆ ಕೊಟ್ಟವರು ಹಿಂದಕ್ಕೆ ಪಡೆಯಬಹುದು. ದ್ರೋಹವಾಗಿದೆಯೆಂದು ತೋರಿಸಲು ಆತನು ಕಂಪೆನಿಯ ನಡತೆಯನ್ನು ಎರಡು ಕಡೆಯಿಂದ ಪರೀಕ್ಷಿಸಿದನು. ನೆರೆಯ ರಾಜ್ಯಗಳೊಡನೆ ಅದು ನಡೆದುಕೊಂಡ ಬಗೆ ಒಂದು. ತನ್ನ ಕೈಕೆಳಗಿನ ಪ್ರಜೆಗಳನ್ನು ಆಳಿದ ಬಗೆ ಇನ್ನೊಂದು.

ಮೊದಲನೆಯದರಲ್ಲಿ ಮೂರು ಆಪಾದನೆಗಳಿವೆ. ಕಂಪೆನಿಯು ಸಂಬಂಧವಿಟ್ಟುಕೊಂಡ ಅರಸರಲ್ಲಿ ಅದು ಮಾರಿಕೊಳ್ಳದವರಿಲ್ಲ. ಮಾಡಿಕೊಂಡ ಕೌಲುಗಳಲ್ಲಿ ಮುರಿಯದುದಿಲ್ಲ. ಅದನ್ನು ನಂಬಿದ ಸಂಸ್ಥಾನಗಳಲ್ಲಿ ಹಾಳಾಗದುದಿಲ್ಲ. ೧೭೭೪ರಲ್ಲಿ ನಾಲ್ವತ್ತು ಲಕ್ಷ ರೂಪಾಯಿಗಳ ಆಸೆಗೆ ರೋಹಿಲರ ಮೇಲೆ ಸೈನ್ಯವನ್ನು ಬಾಡಿಗೆಗೆ ಕೊಟ್ಟುದು ಆತನ ಉದಾಹರಣೆಗಳಲ್ಲಿ ಒಂದು. ಮೈಸೂರಿನವರಾದ ನಮಗೆ ಮನೆಯ ಉದಾಹರಣೆಯೇ ಉಂಟು: ೧೭೬೯ರಲ್ಲಿ ಮದರಾಸಿನ ಒಪ್ಪಂದದಂತೆ ಹೈದರಾಲಿಗೆ ಪರಸ್ಪರ ಸಹಾಯದ ಮಾತು ಕೊಟ್ಟವರು, ಮರುವರ್ಷವೇ ಮರಾಠರು ಏರಿಬಂದಾಗ ಕೈಕಟ್ಟಿ ಕುಳಿತರು.

ಇನ್ನು ಕಿತ್ತೂರಿಗೆ ಬರೋಣ. ೧೮೧೮ರಲ್ಲಿ ಮನ್ರೋ ಸಾಹೇಬನು ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಕಿತ್ತೂರಿನವರು ಪೇಶ್ವೆಯ ಪಕ್ಷವನ್ನು ಬಿಟ್ಟು ಆಂಗ್ಲೇಯರಿಗೆ ನೆರವಾದರು. ಅದಕ್ಕೆ ಪ್ರತಿಯಾಗಿ ದೇಸಾಯಿ ಶಿವಲಿಂಗರುದ್ರಸರ್ಜನು ವಾರ್ಷಿಕ ಕಪ್ಪವನ್ನು ಸಲ್ಲಿಸುತ್ತ ಸಂಸ್ಥಾನವನ್ನು ಅನುಭವಿಸಬೇಕೆಂದು ಗೊತ್ತಾಯಿತು. ಆರು ವರ್ಷಗಳು ಕಳೆದುವು. ೧೮೨೪ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ದೇಸಾಯಿಯು ತೀರಿಕೊಂಡನು. ಮಾಸ್ತಮರಡಿ ಗೌಡನ ಮಗನನ್ನು ದತ್ತು ತೆಗೆದುಕೊಂಡುದಾಗಿ ತಿಳಿಸುವ ಪತ್ರವು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆಗೆ ತಲುಪಿತು. ಸತ್ತವನು ಬದುಕಿದ್ದಾಗ ಬರೆದ ಪತ್ರವೇ ಇದು ಎಂದು ಆತನಿಗೆ ಸಂಶಯ. ಸಂಶಯಪಡುವುದು ಅಧಿಕಾರಿಯ ಧರ್ಮವೆಂದೇ ಇಟ್ಟುಕೊಳ್ಳೋಣ. ಆದರೆ ವಿಚಾರಣೆಯು ಮುಗಿಯುವ ಮೊದಲೇ ಭಂಡಾರಕ್ಕೆ ಮೊಹರು ಹಾಕಿ ಪಹರೆಯಿಡುವುದು ಸಂಶಯದ ಲಕ್ಷಣವಲ್ಲ, ನಿರ್ಧಾರದ ಲಕ್ಷಣ. ಹಿಂದೂ ಧರ್ಮಶಾಸ್ತ್ರದ ದತ್ತಕ ಹಕ್ಕನ್ನು ಒಪ್ಪುವ ಅಥವಾ ತಳ್ಳುವ ಅಧಿಕಾರವು ಕಪ್ಪ ಪಡೆಯುವವನಿಗೆ ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ರಾಣಿ ಚೆನ್ನಮ್ಮನು ಕೇಳದೆ ಬಿಡುವಂತಿರಲಿಲ್ಲ. ಅಕ್ಟೋಬರ್ ೨೩ರಂದು ಕಿತ್ತೂರಿನ ಬಾಗಿಲು ಮುಚ್ಚಿತು, ಥ್ಯಾಕರೆಯು ಮಡಿದನು, ಎಲಿಯಟ್, ಸ್ಟೀವನ್‌ಸನ್ ಎಂಬಿಬ್ಬರು ಸೆರೆಯಾದರು. ಡಿಸೆಂಬರ್ ೫ರ ವೇಳೆಗೆ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿಯನ್ನು ಬೈಲಹೊಂಗಲಕ್ಕೆ ಒಯ್ದು ಸೆರೆಯಲ್ಲಿಟ್ಟರು. ಅಲ್ಲಿಯೇ ೧೮೨೯ರ ಫೆಬ್ರವರಿ ೨ರಂದು ಆಕೆಯು ದೇಹವಿಟ್ಟಳು.

ಕಂಪೆನಿಯ ವೈರಿಯು ಹೀಗೆ ಅಳಿದಿದ್ದರೆ ಸೋಜಿಗವಿರಲಿಲ್ಲ. ಅಳಿದುದು ಬೆಳಗಾವಿಯಲ್ಲಿ ಅದರ ಜೊತೆಗೆ ನಿಂತ ಮನೆ.

ಬರ್ಕನ ಎರಡನೆಯ ಆಪಾದನೆಯು ಒಳಾಡಳಿತವನ್ನು ಕುರಿತದ್ದು, ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಆಳವಾದದ್ದು. ಹಿಂದೆ ದಂಡೆತ್ತಿ ಬಂದವರು ಕ್ರೂರಿಗಳಾದರೂ ಇಲ್ಲಿಯೇ ನೆಲೆನಿಂತುದರಿಂದ ದೇಶದ ಏಳು ಬೀಳು ಅವರದೂ ಆಯಿತು; ಇಂಗ್ಲಿಷ್ ತರುಣನಾದರೋ ಜನರ ಪರಿಚಯವಿಲ್ಲದೆ ಬಂದು, ಗಳಿಸಿ, ಹೊರಟುಹೋಗುವನು; ಹೋದ ಹಣವು ಮರಳದು; ಶಾಲೆಯಿಲ್ಲ, ಸೇತುವೆಯಿಲ್ಲ, ಕೆರೆಯಿಲ್ಲ ಎಂದು ಆತನು ದೂರಿದನು. ಜನರ ಪರಿಚಯವಿಲ್ಲದ ಕಂದಾಯದ ಲೆಕ್ಕವು ಏನು ಮಾಡಬಲ್ಲುದೆಂಬುದನ್ನು ಸಂಗೊಳ್ಳಿ ರಾಯಣ್ಣನ ದಂಗೆಯಲ್ಲಿ ನೋಡಬಹುದು. ಕಿತ್ತೂರಿನ ಚಾಕರಿಗಾಗಿ ಪಡೆದ ಇನಾಮು ಭೂಮಿಗಳು ಹೊಸ ಸರ್ಕಾರದಲ್ಲಿ ಜಪ್ತಿಗೂ ತೆರಿಗೆಗೂ ಗುರಿಯಾದಾಗ, ಕಾಲಾಳುಗಳು ಆತನ ಬೆನ್ನಿಗೆ ನಿಂತರು. ೧೮೩೦ರಲ್ಲಿ ಅವರು ಕಚೇರಿಗಳಿಗೆ ನುಗ್ಗಿ ದಫ್ತರಗಳನ್ನು ಸುಟ್ಟರು. ಸುಟ್ಟುದು ಕಾಗದವೆಂಬುದನ್ನು ಗಮನಿಸಬೇಕು. ತಮ್ಮ ಹೊಲವು ಎಲ್ಲಿ ಕಳೆದುಹೋಯಿತೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಆದರೆ ಬರ್ಕನ ಮಾತನ್ನು ಅಕ್ಷರಶಃ ನಂಬಬೇಕೆ? ವಾಗ್ಮಿಗಳು ‘ಎಲ್ಲ’ ಎಂಬ ಶಬ್ದವನ್ನು ಧಾರಾಳವಾಗಿ ಬಳಸುವರು. ಬೈಲಹೊಂಗಲದಿಂದ ಮೂಡಣಕ್ಕೆ ಸವದತ್ತಿಯನ್ನು ದಾಟಿ ರಾಮದುರ್ಗದವರೆಗೆ ಬಂದರೆ ಪ್ರತಿಸಾಕ್ಷ್ಯವು ದೊರೆಯುವುದು. ನರಗುಂದ ಮತ್ತು ರಾಮದುರ್ಗಗಳು ಭಾವೆ ಮನೆತನದ ಎರಡು ಶಾಖೆಗಳು. ನರಗುಂದದ ಭಾಸ್ಕರರಾವ್ ಬಾಬಾಸಾಹೇಬನಿಗೂ ದತ್ತಕದ ಅನುಮತಿ ದೊರೆಯಲಿಲ್ಲ. ೧೮೫೮ರ ಮೇ ೨೯ರ ರಾತ್ರಿ ರಾಮದುರ್ಗದ ಬಳಿಯ ಸುರೇಬಾನದಲ್ಲಿ ಏಜೆಂಟ್ ಮ್ಯಾನ್ಸನ್ನನು ಆತನ ಜನರ ಕೈಯಲ್ಲಿ ಹತನಾದನು. ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೆ ಹಾಕಿದರು. ಕಂಪೆನಿಯನ್ನು ನಂಬಿದ ರಾಮದುರ್ಗವು ಉಳಿಯಿತು. ಬರ್ಕನ ಮೂರನೆಯ ಆಪಾದನೆಯು ಇಲ್ಲಿ ನಿಲ್ಲಲಾರದು. ಆದರೆ ಉಳಿವು ಯಾರ ಕೃಪೆಯಲ್ಲಿತ್ತೆಂಬುದು ಬೇರೆ ಮಾತು: ದತ್ತಕ ಸನ್ನದುಗಳನ್ನು ಸಂಸ್ಥಾನಿಕರಿಗೆ ಕ್ಯಾನಿಂಗನು ಹಂಚಿದುದು ೧೮೬೨ರಲ್ಲಿ, ಕಂಪೆನಿಯ ಆಳ್ವಿಕೆಯೇ ಮುಗಿದ ಮೇಲೆ.

ಫಾಕ್ಸನ ಮಸೂದೆಯ ಗತಿಯೇನಾಯಿತು? ಸಾಮಾನ್ಯರ ಸಭೆಯು ಒಪ್ಪಿತು, ದೊರೆ ಮೂರನೆಯ ಜಾರ್ಜನ ಇಚ್ಛೆಯನ್ನರಿತ ಪ್ರಭುಗಳ ಸಭೆಯು ೧೭೮೩ರ ಡಿಸೆಂಬರ್ ೧೭ರಂದು ತಿರಸ್ಕರಿಸಿತು, ಮಂತ್ರಿಮಂಡಲವು ಬಿದ್ದಿತು. ಮರುವರ್ಷ ಪಿಟ್ಟನು ತಂದ ಕಾಯಿದೆಯಲ್ಲಿ, ಹಿಂದೂಸ್ಥಾನದಲ್ಲಿ ದಿಗ್ವಿಜಯವನ್ನೂ ರಾಜ್ಯವಿಸ್ತಾರವನ್ನೂ ಹವಣಿಸುವುದು ಆಂಗ್ಲ ರಾಷ್ಟ್ರದ ಇಷ್ಟಕ್ಕೂ ಗೌರವಕ್ಕೂ ನೀತಿಗೂ ವಿರುದ್ಧವೆಂದು ಸ್ಪಷ್ಟವಾಗಿ ಬರೆದಿದ್ದರು. ಥ್ಯಾಕರೆಯು ಕಿತ್ತೂರಿನ ಭಂಡಾರಕ್ಕೆ ಮೊಹರು ಹಾಕಿದಾಗ ಆ ಬರಹಕ್ಕೆ ನಾಲ್ವತ್ತು ವರ್ಷ ತುಂಬಿತ್ತು.