ಮಂಜುಗಡ್ಡೆಯ ಪೆಟ್ಟಿಗೆಯಿಂದ ಮಿಡಿಯುವ ಯಂತ್ರಕ್ಕೆ: ದಾನದ ಅಂಗಗಳನ್ನು ಕಾಪಿಡುವ ಬಗೆ

ಮುಂಬಯಿ, ಪುಣೆ, ಚೆನ್ನೈಯಂತಹ ನಗರಗಳಲ್ಲಿ ನೆಲೆಸಿರುವ ನಮಗೆ ‘ಗ್ರೀನ್ ಕಾರಿಡಾರ್’ ಎಂಬ ಮಾತು ಈಗ ಹೊಸದಲ್ಲ. ಪೊಲೀಸರು ರಸ್ತೆ ತೆರವುಗೊಳಿಸುತ್ತಾರೆ, ಆಂಬುಲೆನ್ಸ್ ಧಾವಿಸುತ್ತದೆ, ಎಷ್ಟು ದೂರವನ್ನು ಎಷ್ಟು ನಿಮಿಷಗಳಲ್ಲಿ ಕ್ರಮಿಸಲಾಯಿತು ಎಂಬ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಇಷ್ಟೆಲ್ಲ ಧಾವಂತದ ನಡುವೆ ಆ ವಾಹನದೊಳಗೆ ಇರುವುದು ಬಹುಪಾಲು ಮಂಜುಗಡ್ಡೆ ತುಂಬಿದ ಒಂದು ಸಾಧಾರಣ ಪೆಟ್ಟಿಗೆ. ಶಸ್ತ್ರಚಿಕಿತ್ಸೆಯ ಕೌಶಲ, ಔಷಧಗಳು, ರಕ್ತಪರೀಕ್ಷೆಗಳು ಎಲ್ಲವೂ ಕಳೆದ ಅರ್ಧ ಶತಮಾನದಲ್ಲಿ ಗುರುತು ಸಿಗದಷ್ಟು ಬದಲಾದವು. ಪೆಟ್ಟಿಗೆ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ.

ಅಂಗವನ್ನು ತಂಪಿನಲ್ಲಿಡುವುದೇಕೆ? ದೇಹದಿಂದ ಬೇರ್ಪಟ್ಟ ಮೂತ್ರಪಿಂಡಕ್ಕಾಗಲಿ ಯಕೃತ್ತಿಗಾಗಲಿ ರಕ್ತವಿಲ್ಲ, ಆಮ್ಲಜನಕವಿಲ್ಲ. ಆದರೂ ಅದರ ಜೀವಕೋಶಗಳು ತಮ್ಮಲ್ಲಿದ್ದ ಅಲ್ಪ ದಾಸ್ತಾನನ್ನು ಉಪಯೋಗಿಸುತ್ತಲೇ ಇರುತ್ತವೆ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಈ ಖರ್ಚು ಹತ್ತನೆಯ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಇಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಆದ್ದರಿಂದಲೇ ಹೃದಯಕ್ಕೆ ಸುಮಾರು 4 ಗಂಟೆ, ಶ್ವಾಸಕೋಶಕ್ಕೆ 6ರಿಂದ 8, ಯಕೃತ್ತಿಗೆ 12ರ ಆಸುಪಾಸು, ಮೂತ್ರಪಿಂಡಕ್ಕೆ ಒಂದು ದಿನ ಎಂಬ ಗಡುವು ರೂಢಿಯಲ್ಲಿದೆ.

ಗಡುವಿನೊಳಗೆ ತಲುಪಿದರೂ ಅಪಾಯ ಮುಗಿಯದು. ಆಮ್ಲಜನಕವಿಲ್ಲದ ಹೊತ್ತಿನಲ್ಲಿ ಕೋಶಗಳೊಳಗೆ ಸಕ್ಸಿನೇಟ್‌ನಂತಹ ಪದಾರ್ಥಗಳು ಸಂಗ್ರಹವಾಗಿರುತ್ತವೆ. ರೋಗಿಯ ಬಿಸಿ ರಕ್ತ ಹರಿದೊಡನೆ ಅವು ಒಮ್ಮೆಗೇ ಉರಿದು, ಕೋಶಗಳನ್ನು ಸುಡುವಂತಹ ಆಮ್ಲಜನಕದ ಉಗ್ರರೂಪಗಳನ್ನು ಹೊರಹಾಕುತ್ತವೆ. ಹರೆಯದ ದಾನಿಯ ಅಂಗ ಈ ಪೆಟ್ಟನ್ನು ತಾಳಿಕೊಳ್ಳುತ್ತದೆ. ಅರವತ್ತು ದಾಟಿದವರ, ಕೊಬ್ಬು ಶೇಖರವಾದ ಯಕೃತ್ತು ಅನೇಕ ವೇಳೆ ತಾಳದು.

ಇದಕ್ಕಿಂತ ದೊಡ್ಡದೊಂದು ಕೊರತೆಯಿದೆ. ಮಂಜಿನಲ್ಲಿ ಮಲಗಿರುವ ಅಂಗವು ತನ್ನ ಸ್ಥಿತಿಯನ್ನು ಕುರಿತು ಏನನ್ನೂ ತಿಳಿಸುವುದಿಲ್ಲ. ದಾನಿಯ ವಯಸ್ಸು, ರಕ್ತಪರೀಕ್ಷೆಯ ವರದಿ, ಅಂಗದ ಬಣ್ಣ, ಮುಟ್ಟಿದಾಗಿನ ಅನುಭವ, ಇಷ್ಟರ ಮೇಲೆಯೇ ಶಸ್ತ್ರವೈದ್ಯರು ತೀರ್ಮಾನ ಕೈಗೊಳ್ಳಬೇಕು. ಸಂಶಯ ಬಂದರೆ ಬೇಡವೆನ್ನುವುದೇ ಕ್ಷೇಮ. ಕೆಲಸ ಮಾಡದ ಯಕೃತ್ತನ್ನು ಕಸಿ ಮಾಡಿದರೆ ರೋಗಿ ದಿನಗಳಲ್ಲಿ ಸಾಯಬಹುದು. ಹಾಗೆ ತಿರಸ್ಕೃತವಾದ ಅಂಗಗಳಲ್ಲಿ ಎಷ್ಟು ನಿಜಕ್ಕೂ ಕೆಟ್ಟಿದ್ದವು ಎಂಬುದನ್ನು ಅರಿಯುವ ದಾರಿ ಬಹುಕಾಲ ಇರಲೇ ಇಲ್ಲ.

ಈ ದಾರಿಯನ್ನು ತೆರೆದಿರುವುದು ‘ಮೆಷಿನ್ ಪರ್ಫ್ಯೂಷನ್’. ಅಂಗದ ರಕ್ತನಾಳಗಳಿಗೆ ಕೊಳವೆ ಜೋಡಿಸಿ, ಪಂಪಿನ ಮೂಲಕ ಪೋಷಕ ದ್ರವವನ್ನೋ ರಕ್ತವನ್ನೋ ನಿರಂತರ ಹಾಯಿಸುತ್ತಿರುವುದು ಇದರ ತಿರುಳು. ಕಲ್ಪನೆ ಹೊಸದೇನಲ್ಲ. ರಕ್ತನಾಳಗಳ ಹೊಲಿಗೆ ಮತ್ತು ಅಂಗಗಳ ಕಸಿಯ ಸಂಶೋಧನೆಗಾಗಿ 1912ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅಲೆಕ್ಸಿಸ್ ಕ್ಯಾರೆಲ್, ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹಾರಿದ ವಿಮಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಜೊತೆಗೂಡಿ 1935ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ಗಾಜಿನ ಪಂಪನ್ನು ರೂಪಿಸಿ, ಬೆಕ್ಕಿನ ಥೈರಾಯ್ಡ್ ಗ್ರಂಥಿಯನ್ನು ದೇಹದ ಹೊರಗೆ ಜೀವಂತವಾಗಿಟ್ಟಿದ್ದರು. ವಿಮಾನಿಗೇಕೆ ಈ ಗೀಳು ಎನ್ನುವಿರಾದರೆ, ಲಿಂಡ್‌ಬರ್ಗ್‌ರ ನಾದಿನಿಯ ಹೃದಯ ಕವಾಟ ಕೆಟ್ಟಿತ್ತು; ಅದನ್ನು ಸರಿಪಡಿಸುವ ಹೊತ್ತಿನಲ್ಲಿ ರಕ್ತವನ್ನು ಹರಿಸುವ ಯಂತ್ರವೇಕಿಲ್ಲವೆಂಬ ಪ್ರಶ್ನೆಯೇ ಅವರನ್ನು ಕ್ಯಾರೆಲ್‌ರ ಬಳಿಗೆ ಕರೆತಂದಿತು.

1967ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫೋಲ್ಕರ್ಟ್ ಬೆಲ್ಜರ್ ಅವರು ನಾಯಿಗಳ ಮೂತ್ರಪಿಂಡವನ್ನು ಯಂತ್ರದಲ್ಲಿ 72 ಗಂಟೆ ಕಾಪಾಡಿ ತೋರಿಸಿದರು. ಆದರೆ 1969ರಲ್ಲಿ ಜೆಫ್ರಿ ಕಾಲಿನ್ಸ್ ಮತ್ತು ಸಂಗಡಿಗರು ಹೊಸ ಲವಣದ್ರವವೊಂದನ್ನು ಪ್ರಕಟಿಸಿದರು. ಅದರಿಂದ ಅಂಗವನ್ನು ತೊಳೆದು ಮಂಜಿನಲ್ಲಿಟ್ಟರೆ ಸಾಕು ಎಂದಾಯಿತು. ಭಾರವಾದ, ದುಬಾರಿಯಾದ, ಜೊತೆಗೊಬ್ಬ ತಂತ್ರಜ್ಞನನ್ನು ಬೇಡುವ ಯಂತ್ರದ ಮುಂದೆ ಪೆಟ್ಟಿಗೆಯೇ ಗೆದ್ದಿತು. ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ ಆಗಿತ್ತು, ಏಕೆಂದರೆ ಅಂದಿನ ದಾನಿಗಳಲ್ಲಿ ಹೆಚ್ಚಿನವರು ತರುಣರು.

ದಾನಿಗಳ ವಯಸ್ಸು ಏರಿದಂತೆ ಯಂತ್ರ ಮರಳಿ ಬಂತು. 2009ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದ ವಿನ್ಯಾಸವೇ ಮೆಚ್ಚುವಂತಹದು: ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿಗಳ 336 ದಾನಿಗಳಲ್ಲಿ ಪ್ರತಿಯೊಬ್ಬರ ಒಂದು ಮೂತ್ರಪಿಂಡವನ್ನು ತಂಪು ಪಂಪಿನಲ್ಲಿಯೂ ಇನ್ನೊಂದನ್ನು ಮಂಜಿನಲ್ಲಿಯೂ ಇಡಲಾಯಿತು. ಕಸಿಯಾದ ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾದವರು ಪಂಪಿನ ಪಾಲಿನಲ್ಲಿ 70 ಮಂದಿ, ಮಂಜಿನ ಪಾಲಿನಲ್ಲಿ 89. ಒಂದು ವರ್ಷದ ಬಳಿಕ ಪಂಪಿನಲ್ಲಿಟ್ಟ ಮೂತ್ರಪಿಂಡಗಳಲ್ಲಿ ಶೇ. 94, ಮಂಜಿನವುಗಳಲ್ಲಿ ಶೇ. 90 ಕೆಲಸ ಮಾಡುತ್ತಿದ್ದವು.

ಯಕೃತ್ತಿನ ವಿಷಯ ಇನ್ನೂ ಸ್ವಾರಸ್ಯಕರ. ಆಕ್ಸ್‌ಫರ್ಡ್‌ನಲ್ಲಿ ಶಸ್ತ್ರವೈದ್ಯ ಪೀಟರ್ ಫ್ರೆಂಡ್, ಎಂಜಿನಿಯರ್ ಕಾನ್‌ಸ್ಟಂಟೀನ್ ಕೂಸಿಯೋಸ್ ಇಬ್ಬರೂ ಸೇರಿ ರೂಪಿಸಿದ ಯಂತ್ರವು ತಂಪನ್ನೇ ಬಿಟ್ಟು, 37 ಡಿಗ್ರಿಯಲ್ಲಿ ಆಮ್ಲಜನಕ ತುಂಬಿದ ರಕ್ತವನ್ನು ಹರಿಸುತ್ತದೆ. ಯಕೃತ್ತು ತಾನು ಇನ್ನೂ ದೇಹದಲ್ಲಿಯೇ ಇರುವೆನೆಂಬಂತೆ ಕೆಂಪಗೆ ತಿರುಗಿ, ಪಿತ್ತವನ್ನು ಸುರಿಸತೊಡಗುತ್ತದೆ. ವೈದ್ಯರು ಗಂಟೆಗೊಮ್ಮೆ ಆ ರಕ್ತದ ಲ್ಯಾಕ್ಟೇಟ್ ಅಳೆಯಬಹುದು. ಇಳಿಯುತ್ತಿದ್ದರೆ ಅಂಗ ದುಡಿಯುತ್ತಿದೆ, ಇಳಿಯದಿದ್ದರೆ ಇಲ್ಲ. 2013ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಹೀಗೆ ಕಾಪಿಟ್ಟ ಯಕೃತ್ತಿನ ಮೊದಲ ಕಸಿಗಳು ನಡೆದವು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಪಿಟ್ಟ ಅವಧಿ ಹೆಚ್ಚಾಗಿದ್ದರೂ ಅಂಗಕ್ಕಾದ ಹಾನಿ ಅರ್ಧಕ್ಕೆ ಇಳಿದಿತ್ತು, ತಿರಸ್ಕೃತವಾದ ಯಕೃತ್ತುಗಳ ಪ್ರಮಾಣವೂ ಅರ್ಧವಾಗಿತ್ತು.

ಬರ್ಮಿಂಗ್‌ಹ್ಯಾಮ್‌ನ ತಂಡ 2020ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮುಂದಕ್ಕೆ ಹೋಯಿತು. ಬ್ರಿಟನ್ನಿನ ಎಲ್ಲ ಕೇಂದ್ರಗಳೂ ಬೇಡವೆಂದ 31 ಯಕೃತ್ತುಗಳನ್ನು ಅವರು ಯಂತ್ರಕ್ಕೆ ಜೋಡಿಸಿ ಪರೀಕ್ಷಿಸಿದಾಗ 22 ಯೋಗ್ಯವೆನಿಸಿದವು. ಅವುಗಳನ್ನು ಪಡೆದ 22 ಮಂದಿಯೂ ಮೂರು ತಿಂಗಳ ನಂತರ ಬದುಕಿದ್ದರು. ಹಾಗೆಂದು ಬೀಗಬೇಕಿಲ್ಲ. ಅವರಲ್ಲಿ ನಾಲ್ವರಿಗೆ ಪಿತ್ತನಾಳ ಕಿರಿದಾಗಿ ಮತ್ತೊಮ್ಮೆ ಕಸಿ ಬೇಕಾಯಿತು. ಪಿತ್ತನಾಳದ ಮಟ್ಟಿಗೆ ತಂಪು ವಿಧಾನವೇ ಮೇಲೆಂಬಂತೆ ತೋರುತ್ತದೆ: 2021ರ ಡಚ್ ಅಧ್ಯಯನದಲ್ಲಿ ಕಸಿಗೆ ಮುನ್ನ ಆಮ್ಲಜನಕ ಬೆರೆಸಿದ ತಂಪು ದ್ರವವನ್ನು ಎರಡು ಗಂಟೆ ಹಾಯಿಸಿದಾಗ ಈ ತೊಂದರೆ ಶೇ. 18ರಿಂದ 6ಕ್ಕೆ ಇಳಿದಿತ್ತು. ಬಿಸಿಯೋ ತಂಪೋ ಎಂಬ ಚರ್ಚೆ ವೈದ್ಯರಲ್ಲಿ ಇನ್ನೂ ತೀರಿಲ್ಲ.

ಶ್ವಾಸಕೋಶದಲ್ಲಿ ಸ್ವೀಡನ್ನಿನ ಸ್ಟಿಗ್ ಸ್ಟೀನ್, ಕೆನಡಾದ ಟೊರೊಂಟೋದಲ್ಲಿ ಶಾಫ್ ಕೇಶವ್ಜಿ ಇದೇ ಹಾದಿಯಲ್ಲಿ ನಡೆದರು.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. 2023ರಲ್ಲಿ ಭಾರತದಲ್ಲಿ 18 ಸಾವಿರಕ್ಕೂ ಹೆಚ್ಚು ಕಸಿಗಳು ನಡೆದರೂ ಮರಣಾನಂತರ ಅಂಗದಾನ ಮಾಡಿದವರು 1,099 ಮಂದಿ ಮಾತ್ರ. ಉಳಿದ ಹೆಚ್ಚಿನ ಕಸಿಗಳಿಗೆ ಅಂಗ ಕೊಟ್ಟವರು ಜೀವಂತ ಬಂಧುಗಳೇ, ಅವರಲ್ಲಿಯೂ ಹೆಣ್ಣುಮಕ್ಕಳೇ ಅಧಿಕ. ದಾನಿಗಳೇ ಇಷ್ಟು ವಿರಳವಾದ ಕಡೆ ದೊರೆತ ಒಂದು ಅಂಗವೂ ಅನುಮಾನದ ಕಾರಣಕ್ಕೆ ವ್ಯರ್ಥವಾಗಬಾರದು. ಆದರೆ ಬಿಸಿ ಯಂತ್ರದಲ್ಲಿ ಪ್ರತಿ ಅಂಗಕ್ಕೂ ಹೊಸ ಕೊಳವೆಗಳ ಸೆಟ್ ಬೇಕು, ವೆಚ್ಚ ಲಕ್ಷಗಳಲ್ಲಿ, ಮೇಲಾಗಿ ಹಗಲಿರುಳು ಕಾಯುವ ತರಬೇತಾದ ಸಿಬ್ಬಂದಿ ಬೇಕು. ನಮ್ಮಲ್ಲಿ ಇದು ಕೆಲವೇ ಆಸ್ಪತ್ರೆಗಳಿಗೆ ಸೀಮಿತವಾಗಿರುವುದು ಸಹಜ. ನನ್ನ ಅಭಿಪ್ರಾಯದಲ್ಲಿ ನಾವು ಮೊದಲು ಹಿಡಿಯಬೇಕಾದುದು ಮೂತ್ರಪಿಂಡದ ತಂಪು ಪಂಪು. ಅದು ಸರಳ, ಖರ್ಚು ಕಡಿಮೆ, ಕಸಿಗಾಗಿ ಕಾದಿರುವವರ ಸಾಲೂ ಅಲ್ಲಿಯೇ ಉದ್ದವಾಗಿದೆ. ಪ್ರತಿ ಆಸ್ಪತ್ರೆಯೂ ಕೊಳ್ಳಬೇಕಿಲ್ಲ. ಮುಂಬಯಿ, ಪುಣೆಗಳ ವಲಯ ಸಮನ್ವಯ ಕೇಂದ್ರ, ತಮಿಳುನಾಡಿನ ಟ್ರಾನ್ಸ್‌ಟಾನ್, ತೆಲಂಗಾಣದ ಜೀವನ್‌ದಾನ್, ಕರ್ನಾಟಕದ ಜೀವಸಾರ್ಥಕತೆ ಇಂತಹ ಸಂಸ್ಥೆಗಳು ಒಂದೆರಡನ್ನಿಟ್ಟು ಹಂಚಿಕೊಳ್ಳಬಹುದು.

ಅಂಗದಾನದ ಮಾತು ಬಂದಾಗ ಮನೆಯ ಹಿರಿಯರು ಕೇಳುವುದು ಬೇರೆಯೇ ಪ್ರಶ್ನೆ: ಇದರಿಂದ ಅಂತ್ಯಕ್ರಿಯೆ ತಡವಾದೀತೇ? ಈ ಯಂತ್ರದ ಕೆಲಸ ಆರಂಭವಾಗುವುದು ಅಂಗವನ್ನು ತೆಗೆದ ನಂತರ. ಆ ವೇಳೆಗೆ ಶಸ್ತ್ರಕ್ರಿಯೆ ಮುಗಿದಿರುತ್ತದೆ. ಆದುದರಿಂದ ಯಂತ್ರಕ್ಕಾಗಿ ಕುಟುಂಬದವರು ಹೆಚ್ಚು ಕಾಯಬೇಕಿಲ್ಲ. ಕಾಯಬೇಕಾಗುವುದು ಅದಕ್ಕೂ ಮೊದಲು: ಕಾನೂನಿನಂತೆ ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳು ಸಾವನ್ನು ದೃಢಪಡಿಸಬೇಕು. ಅಂಗಗಳನ್ನು ಕಾಪಾಡುವ, ತೆಗೆಯುವ, ಸಾಗಿಸುವ ಖರ್ಚನ್ನು 2014ರ ನಿಯಮಗಳಂತೆ ದಾನಿಯ ಕುಟುಂಬದಿಂದ ವಸೂಲು ಮಾಡುವಂತಿಲ್ಲ.